ರಿವರ್ಸ್ ಹಾಡು

೧೪-೯-೨೦೦೬, ಗುರುವಾರ. ಗಾದಿಗನೂರು

ಎರಡು ಸಲ ತೊಳೆದರೂ ಗೋಡೆಯ ರಕ್ತ ಹೋಗಲಿಲ್ಲ. ಹಾಳು ಸೀರಿಯಲ್.

ಓಣಿಯವರೆಲ್ಲ ನಮ್ಮ ಟಿ.ವಿ. ಮುಂದೆ ಕೂತಿದ್ದರು. ಸೀರಿಯಲ್‌ನಲ್ಲಿ ಅದಿರು ಲಾರಿ ಒಬ್ಬ ಹುಡುಗಿಗೆ ಗುದ್ದಿತು. ಅವಳಿನ್ನೂ ಮಿಸುಕಾಡುತ್ತಿದ್ದಳು. ಸಾಕ್ಷಿ ಉಳಿಯಬಾರದೆಂದು ಡ್ರೈವರ್ ರಿವರ್ಸ್ ತಂದು ಅವಳ ಮೇಲೆ ಹತ್ತಿಸಿದ.

ಈ ಡೈರೆಕ್ಟರನನ್ನು ಪೇಪರಿನವರು ಹೊಗಳಿದ್ದೇ ಹೊಗಳಿದ್ದು. ನನಗೆ ನಗು ಬಂತು. "ಇವ ಲಾರೀನ ನೋಡಿಲ್ಲ. ರಿವರ್ಸ್ ಹಾಕಿದ್ರ ಹಾಡು ಬರಂಗಿಲ್ಲೇನು?"

ತಮ್ಮ ತಿಪ್ಪೇಶ್ ಅದಿರು ಲಾರಿಯ ಡ್ರೈವರ್. ರೇಗಿಬಿಟ್ಟ. "ನಿನಗೇನ್ ಗೊತ್ತೈತಿ ಅಕ್ಕಾ? ಭಾಳ ಕರೆಕ್ಟ್ ತೋರ್ಸ್ಯಾನ. ಮೊದ್ಲ ಹಾಡಿನ ವೈರ್ ಕೀಳಬೇಕು. ಅವತ್ತ ನಾನೂ..."

ಅಲ್ಲಿಗೇ ಬಾಯಿ ಮುಚ್ಚಿದ.

ಪಕ್ಕದ ಮನೆಯ ವಿರೂಪಾಕ್ಷಪ್ಪ ಎದ್ದ. ಹೋದ ವರ್ಷ ಅವನ ಮಗಳು ಸೌಜನ್ಯಳ ಮೇಲೆ ಲಾರಿ ಎರಡು ಸಲ ಹರಿದು ಅವಳು ಸತ್ತಿದ್ದಳು. ಯಾರ ಲಾರಿಯೆಂದು ಇವತ್ತಿನವರೆಗೂ ಗೊತ್ತಾಗಿರಲಿಲ್ಲ.

"ಲೇ, ಇನ್ನೊಮ್ಮೆ ಹೇಳು," ಅಂದ.

ಮೂಲೆಯಲ್ಲಿದ್ದ ರುಬ್ಬುಗುಂಡು ಎತ್ತಿ ತಿಪ್ಪೇಶನ ಬಾಯಿಗೇ ಹೊಡೆದ. ಹಲ್ಲು ಟಿ.ವಿ. ಕೆಳಗೆ ಸಿಡಿದವು. ಮತ್ತೆ ಹೊಡೆದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಿಡಿಸಲಿಲ್ಲ.

ತಿಪ್ಪೇಶ್ ಆಸ್ಪತ್ರೆಯಲ್ಲಿದ್ದಾನೆ. ಹೊರಗೆ ಯಾವುದೋ ಲಾರಿ ಹಾಡುತ್ತ ರಿವರ್ಸ್ ಬರುತ್ತಿದೆ. ಹಾಡು ನಿಂತಿತು. ಲಾರಿ ಇನ್ನೂ ನಮ್ಮ ಮನೆಯ ಕಡೆಗೇ ಹಿಂದಕ್ಕೆ ಬರು—