ಎಡಗಿವಿಯ ಶ್ರುತಿ

ಮಾರ್ಚ್ 3, ಮಂಗಳವಾರ, ಸಂಜೆ

ಮತ್ತೆ ತಂತಿ ಬದಲಾಯಿಸಿದೆ. ಒಂದೂವರೆ ತಿಂಗಳಲ್ಲಿ ಇದು ಮೂರನೇ ಸೆಟ್. ಬೇಸ್ ಗಿಟಾರಿನ ತಂತಿ ವರ್ಷಗಟ್ಟಲೆ ಬಾಳುವ ವಸ್ತು. ಹೆಂಡತಿ ನೋಡಿ, "ತಂತಿ ಏನು ತಿಂತೀರಾ?" ಅಂದಳು.

ಎಲ್ಲಕ್ಕಿಂತ ದಪ್ಪನೆಯದು, ಇ ತಂತಿ, ಸತ್ತ ಹಾಗೆ ಕೇಳುತ್ತದೆ. ಹೊಸದೂ ಅಷ್ಟೇ. ಟೋನ್ ಗುಂಡಿ ಪೂರ್ತಿ ತಿರುಗಿಸಿದೆ. ಕೇಬಲ್ ಬದಲಿಸಿದೆ. ಸದ್ದು ಹಿಡಿಯುವ ಪಿಕಪ್ಪನ್ನು ತಂತಿಯ ಹತ್ತಿರಕ್ಕೆ ಎರಡು ಸುತ್ತು ಏರಿಸಿದೆ. ಮೊದಲೆಲ್ಲ ಹೊಟ್ಟೆಯೊಳಗೆ ಇಳಿಯುತ್ತಿದ್ದ ಸ್ವರ ಈಗ ರಟ್ಟಿನ ಡಬ್ಬ ತಟ್ಟಿದಂತಿದೆ. ಆಂಪಿಗೆ ವಯಸ್ಸಾಯಿತು. ಅದೇ ಇರಬೇಕು.

ಶ್ರುತಿ ತೋರಿಸುವ ಟ್ಯೂನರ್ ಪೆಡಲ್ ಕೂಡ ಕೈಕೊಟ್ಟಿದೆ. ಮುಳ್ಳು ಸರಿಯಾಗಿ ನಡುವೆ ನಿಂತರೂ ತಂತಿ ಏರಿದ ಹಾಗೆ ಕೇಳುತ್ತದೆ. ಇಪ್ಪತ್ತೆರಡು ವರ್ಷ ಕಿವಿಯಿಂದಲೇ ಶ್ರುತಿ ಮಾಡಿಕೊಂಡವನು ನಾನು, ಇದರ ಹಂಗೇಕೆ? ಮೇಜಿನ ಡ್ರಾಯರಿಗೆ ಹಾಕಿಬಿಟ್ಟೆ.

ಮಾರ್ಚ್ 7, ಶನಿವಾರ, ಹೋಟೆಲಿನ ಹಾಲ್, ಐದೂವರೆ

ಕಾರ್ಯಕ್ರಮಕ್ಕೆ ಇನ್ನೂ ಒಂದು ಗಂಟೆ. ನಮ್ಮ ಬ್ಯಾಂಡಿನ ನಾಲ್ವರೂ ಬಂದಾಗಿದೆ. ಕೀಬೋರ್ಡಿಗೆ ಮೇಷ್ಟ್ರು — ಹಗಲು ಶಾಲೆಯಲ್ಲಿ ಗಣಿತ. ಡ್ರಮ್ಸಿಗೆ ಗುಂಡ. ಹಾಡಲು ಅಕ್ಕ. ಅವಳು ಯಾರ ಅಕ್ಕನೂ ಅಲ್ಲ, ಎಲ್ಲರಿಗೂ ಅಕ್ಕ.

ಗುಂಡನ ತಾಳದ ತಟ್ಟೆ ನನ್ನ ಬಲಗಿವಿಯ ಪಕ್ಕದಲ್ಲೇ. ಹಾಗಾಗಿ ಬಲಗಿವಿಗೆ ಹತ್ತಿ, ಮೊದಲಿನಿಂದಲೂ. ಶ್ರುತಿ ಮಾಡುವಾಗ ಗಿಟಾರಿನ ಮೇಲಿನ ಕೊಂಬಿಗೆ ಎಡದವಡೆ ಒತ್ತಿಕೊಳ್ಳುತ್ತೇನೆ. ಗದ್ದಲದಲ್ಲೂ ಮೂಳೆಯ ಮೂಲಕ ಸ್ವರ ನೇರ ಬರುತ್ತದೆ.

ಇವತ್ತು ನಾಲ್ಕೂ ತಂತಿ ಎರಡು ಮೆಟ್ಟಿಲು ಇಳಿಸಿದೆ. ಇ ಹೋಗಿ ಡಿ ಆಯಿತು. ಸಡಿಲ ತಂತಿ, ಬೆರಳಿಗೆ ಹೊಸ ಜಾಗ, ಈ ನಾಲ್ಕು ದಿನ ಮನೆಯಲ್ಲಿ ಕೂತು ಕಲಿತದ್ದು. ಕಿವಿಗೆ ಬಾರದ್ದು ಪಾದಕ್ಕೆ ಬರುತ್ತದೆ. ಹಲಗೆ ನಡುಗಿದಾಗ ಧೈರ್ಯ ಬಂತು.

"ಏನಯ್ಯಾ, ಭೂಕಂಪ ಮಾಡೋ ಯೋಚನೆನಾ?" ಅಂದರು ಮೇಷ್ಟ್ರು.

"ಟೋನ್ ಮೇಷ್ಟ್ರೇ. ಹೊಸ ಟೋನ್."

ಸುಳ್ಳು ಎಷ್ಟು ಸಲೀಸಾಗಿ ಬಂತು...

ಅದೇ ದಿನ, ಮನೆ

ಮೂರನೇ ಹಾಡಿನಲ್ಲಿ ಅಕ್ಕ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗಿದ್ದಳಂತೆ. ಐದನೆಯದರಲ್ಲೂ. ನನಗೇನೂ ಅನ್ನಿಸಲಿಲ್ಲ. ಮೇಷ್ಟ್ರ ಮುಖ ಹುಳಿ ತಿಂದ ಹಾಗಾಗಿತ್ತು. ಹೊರಡುವಾಗ ನನಗೂ ಒಂದು ಮಾತು — "ನಿನ್ನ ತಳದ ಸ್ವರ ಸ್ವಲ್ಪ ಕಲಸಿಹೋಗಿತ್ತು. ಈ ಹಾಲೇ ಹಾಗೆ ಬಿಡು."

ಹಾಲೇ ಹಾಗೆ. ಒಪ್ಪಿಕೊಂಡೆ.

ಮಾರ್ಚ್ 15, ಭಾನುವಾರ

ಮೇಷ್ಟ್ರ ಮನೆಯ ಮಹಡಿಯಲ್ಲಿ ಅಭ್ಯಾಸ. ಅಕ್ಕ ಎಂದಿನಂತೆ ನನ್ನ ಆಂಪಿನ ಮುಂದೆ ಸ್ಟೂಲ್ ಎಳೆದುಕೊಂಡಳು. ಹನ್ನೊಂದು ವರ್ಷದಿಂದ ಅವಳ ಜಾಗ ಅದು. "ನಂಗೆ ನಿನ್ನ ಬೇಸೇ ನೆಲ ಕಣೋ. ಉಳಿದಿದ್ದೆಲ್ಲ ಗೋಡೆಗೆ ಹೊಡೆದ ಸುಣ್ಣ" ಎನ್ನುತ್ತಾಳೆ. ಮೇಷ್ಟ್ರಿಗೆ ಕೋಪ ಬರಿಸಲೆಂದೇ ಹೇಳುವುದು, ಆದರೂ ನಿಜ.

ಇವತ್ತು ಮೇಷ್ಟ್ರು ಫೋನಿನಲ್ಲಿ ರೆಕಾರ್ಡ್ ಮಾಡಿದರು. ಆಮೇಲೆ ಹಾಕಿ ಕೇಳಿಸಿದರು. ಫೋನಿನ ಪುಟ್ಟ ಸ್ಪೀಕರ್. ಬೇಸ್ ಅದರಲ್ಲಿ ಬರುವುದೇ ಇಲ್ಲ, ನಾನು ಆ ಕೋಣೆಯಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ. ಕೀಬೋರ್ಡ್ ಮತ್ತು ಅಕ್ಕ, ಅಷ್ಟೇ. ಅಕ್ಕ ಕೆಳಗೆ. ಶುರುವಿನಿಂದ ಕೊನೆಯವರೆಗೂ ಕೆಳಗೆ.

"ಇದು ನಾನಾ?" ಅಂದಳು.

ಗುಂಡ ಕೋಲುಗಳನ್ನು ಚೀಲಕ್ಕೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ.

"ಐವತ್ತೊಂದಾಯ್ತಲ್ಲ. ಗಂಟಲು ಎಷ್ಟು ದಿನ ಅಂತ ಮಾತು ಕೇಳುತ್ತೆ" ಎಂದು ತಾನೇ ನಕ್ಕಳು. ನಾಳೆ ಗಂಟಲು ಡಾಕ್ಟರ ಹತ್ತಿರ ಹೋಗುತ್ತಾಳಂತೆ. ಪಾಪ ಅನ್ನಿಸಿತು. ಪಾಪ ಎಂದುಕೊಂಡೇ ಮನೆಗೆ ಬಂದೆ.

ಮಾರ್ಚ್ 17, ಮಂಗಳವಾರ

ಒಂದೊಂದಾಗಿ ಬರೆಯುತ್ತೇನೆ.

ಬೆಳಿಗ್ಗೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಒಬ್ಬ ಗಿರಾಕಿ ಬಂದ. ಬಲಗಣ್ಣು ಮುಚ್ಚಿ ಓದಿ ಅಂದರೆ ಗೋಡೆಯ ಅಕ್ಷರಗಳನ್ನು ಪಟಪಟ ಒಪ್ಪಿಸಿದ. ಬಾಯಿಪಾಠ. ಬೋರ್ಡ್ ತಿರುಗಿಸಿ ಹಾಕಿದೆ, ಆಸಾಮಿ ಮೌನ. ನಾನೂ ನಕ್ಕೆ, ಅವನೂ ನಕ್ಕ. ಅಂಥವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಯಾರಿಗೆ ಮೋಸ ಮಾಡುತ್ತಾರೋ ಎಂದು ಪ್ರತಿಸಲವೂ ಅನ್ನಿಸುತ್ತದೆ.

ಮಧ್ಯಾಹ್ನ ಹೆಂಡತಿಯ ಫೋನ್. ಬಲಗೈಯಲ್ಲಿ ಲೆನ್ಸ್ ಇತ್ತು, ಎಡಗಿವಿಗೆ ಹಿಡಿದೆ. ಯಾರೋ ಹುಡುಗಿ ಮಾತಾಡಿದ ಹಾಗೆ ತೆಳ್ಳಗೆ ಕೇಳಿತು. ಬಲಗಿವಿಗೆ ಬದಲಿಸಿದೆ — ಇವಳೇ. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಒಂದೇ ಬಾಯಿ, ಒಂದೇ ಮಾತು, ಎರಡು ಶ್ರುತಿ. "ಕೇಳಿಸ್ತಿದೆಯೇನ್ರೀ?" ಅನ್ನುತ್ತಲೇ ಇದ್ದಳು.

ಮನೆಗೆ ಬಂದವನೇ ಮೇಷ್ಟ್ರು ಕಳಿಸಿದ್ದ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಹಾಕಿದೆ. ಇದರಲ್ಲಿ ಬೇಸ್ ಬರುತ್ತದೆ. ಬಲಗಿವಿಗೆ ಮಾತ್ರ ಇಟ್ಟುಕೊಂಡೆ. ಬೇಸ್ ಕೀಬೋರ್ಡಿನ ಶ್ರುತಿಗಿಂತ ಕೆಳಗಿದೆ. ಕೂದಲೆಳೆಯಲ್ಲ, ಬೆರಳಿನಷ್ಟು. ಅಕ್ಕ ಅದರ ಮೇಲೆ ಅಚ್ಚುಕಟ್ಟಾಗಿ ಕೂತಿದ್ದಾಳೆ, ಒಂದಿಷ್ಟೂ ಆಚೀಚೆ ಇಲ್ಲದೆ.

ಎಡಗಿವಿ ಸ್ವರವನ್ನು ಏರಿಸಿ ಕೇಳಿಸುತ್ತದೆ. ನಾನು ಅದನ್ನು ನಂಬಿ ತಂತಿ ಇಳಿಸುತ್ತೇನೆ. ಅಕ್ಕ ನನ್ನನ್ನು ನಂಬಿ ಇಳಿಯುತ್ತಾಳೆ. ಅಷ್ಟು ತಳದ ಸ್ವರ ತಪ್ಪಿದರೆ ಜನರಿಗೆ ಬರೀ ಕಲಸಿದ ಹಾಗೆ ಕೇಳುತ್ತದೆ. ಹಾಡುವವಳು ತಪ್ಪಿದರೆ ತಪ್ಪು ಎಂದೇ ಕೇಳುತ್ತದೆ.

ಟ್ಯೂನರ್ ಸರಿಯಾಗಿಯೇ ಇತ್ತು.

ಮಾರ್ಚ್ 18

ಅಕ್ಕನಿಗೆ ಫೋನ್ ಮಾಡಲು ಹೊರಟೆ. ಮಾಡಲಿಲ್ಲ. ಕಿವಿ ಕೆಟ್ಟ ಬೇಸಿಸ್ಟನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇದೊಂದು ಹೋದರೆ ನಾನು ಲೆನ್ಸ್ ಉಜ್ಜುವವನು, ಅಷ್ಟೇ. ಭಯವಾಗುತ್ತಿದೆ.

ಮಾರ್ಚ್ 26, ಗುರುವಾರ

ಕಿವಿ ಪರೀಕ್ಷೆ ಮಾಡಿಸಿದೆ. ಗಾಜಿನ ಪೆಟ್ಟಿಗೆಯಂಥ ಕೋಣೆ, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಹೊರಗೆ ಕೂತ ಹೆಂಗಸು ಸದ್ದು ಕಳಿಸುವಾಗಲೆಲ್ಲ ಅವಳ ಭುಜ ಚೂರು ಅಲುಗುತ್ತಿತ್ತು. ಭುಜ ನೋಡಿ ಒತ್ತಿದೆ. ಏನೂ ಕೇಳದಿದ್ದರೂ ಒತ್ತಿದೆ. ನನ್ನ ಗಿರಾಕಿಯ ಬಾಯಿಪಾಠವೇ.

ಆಕೆ ಎದ್ದು ಬಂದಳು. "ಕುರ್ಚಿ ಆ ಕಡೆ ತಿರುಗಿಸ್ಕೊಳಿ ಸರ್" ಅಂದಳು. ನಗಲೂ ಇಲ್ಲ, ಬೈಯಲೂ ಇಲ್ಲ.

ಗೋಡೆ ನೋಡುತ್ತ ಕೂತೆ. ಬಹಳ ಹೊತ್ತು ಏನೂ ಇಲ್ಲ. ಸದ್ದೇ ಕಳಿಸುತ್ತಿಲ್ಲವೋ, ನನಗೇ ಕೇಳುತ್ತಿಲ್ಲವೋ ತಿಳಿಯದೆ ಗುಂಡಿಯನ್ನು ಹೆಬ್ಬೆರಳಲ್ಲಿ ಸವರುತ್ತಿದ್ದೆ.

ಕಾಗದದಲ್ಲಿ ಬಲಗಿವಿಯ ಗೆರೆ ನೆಟ್ಟಗಿದೆ. ಎಡಗಿವಿಯದು ತಳದ ಸ್ವರಗಳ ಕಡೆ ಕುಸಿದುಬಿದ್ದಿದೆ. ಡಾಕ್ಟರು ಹೇಳಿದ್ದು: ಮಾತ್ರೆ ಕೊಡ್ತೀನಿ, ಹೋಗಿದ್ದು ಪೂರ್ತಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ, ಇನ್ನೊಂದು ಕಿವಿಗೂ ಬರಬಹುದು, ಬರದೇನೂ ಇರಬಹುದು.

ಅಷ್ಟು ಸ್ವರ ಬಿಟ್ಟು ತಳದ್ದೇ ಯಾಕೆ ಹೋಗಬೇಕಿತ್ತು? ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮಾರ್ಚ್ 28, ಶನಿವಾರ

ಡ್ರಾಯರಿನಿಂದ ಪೆಡಲ್ ತೆಗೆದುಕೊಂಡು ಅಭ್ಯಾಸಕ್ಕೆ ಹೋದೆ. ತಂತಿಗಳನ್ನು ಹಳೆಯ ಶ್ರುತಿಗೇ ಏರಿಸಿದೆ, ಮುಳ್ಳು ಹೇಳಿದಲ್ಲಿಗೆ. ನನಗೆ ಒಂದೂ ಸರಿ ಕೇಳಲಿಲ್ಲ. ಹಾಡು ಪೂರ್ತಿ ಹಲ್ಲು ಕಚ್ಚಿಕೊಂಡು ನುಡಿಸಿದೆ, ಎಲ್ಲರ ಮುಖ ನೋಡುತ್ತ. ಅಕ್ಕ ಸರಿಯಾಗಿ ಹಾಡಿದಳಂತೆ. ಮೇಷ್ಟ್ರು ಕೀಬೋರ್ಡ್ ಬಿಟ್ಟೆದ್ದು, "ನೋಡಿ, ಆ ಡಾಕ್ಟರ ಔಷಧಿ ಕೆಲಸ ಮಾಡ್ತು" ಅಂದರು. ಗುಂಡ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.

ಯಾರಿಗೂ ಗೊತ್ತಾಗಬೇಕಿಲ್ಲ. ಇನ್ನು ಮುಂದೆ ಮುಳ್ಳು ನೋಡಿಕೊಂಡು ಶ್ರುತಿ, ಮುಖ ನೋಡಿಕೊಂಡು ಸ್ವರ. ಮುಗಿಯಿತಲ್ಲ.

ಏಪ್ರಿಲ್ 4, ಶನಿವಾರ

ಮುಗಿದಿಲ್ಲ.

ಅಕ್ಕ ಇವತ್ತೇ ಕೊನೆ ಅಂದಳು. ಬೇರೆ ಹಾಡುಗಾರ್ತಿಯನ್ನು ಅವಳೇ ಹುಡುಕಿದ್ದಾಳೆ, ಮುಂದಿನ ವಾರ ಕರೆತರುತ್ತಾಳಂತೆ. ಮೇಷ್ಟ್ರು ತಬ್ಬಿಬ್ಬು.

"ಈಗ ಸರಿ ಹೋಗಿದೆಯಲ್ಲಮ್ಮ. ಎರಡು ಅಭ್ಯಾಸದಿಂದ ಒಂದು ಸ್ವರ ತಪ್ಪಿಲ್ಲ."

"ಅದೇ ಮೇಷ್ಟ್ರೇ ಭಯ" ಅಂದಳು. "ಈಗ ಸರಿ ಇದೆ ಅಂತ ನೀವು ಹೇಳ್ತೀರ. ಆವತ್ತೂ ನಂಗೆ ಸರೀನೇ ಅನ್ಸಿತ್ತು. ಎರಡಕ್ಕೂ ವ್ಯತ್ಯಾಸ ಗೊತ್ತಾಗ್ದೇ ಇದ್ರೆ ನಾನೆಂಥ ಹಾಡುಗಾರ್ತಿ? ಮನೇಲಿ ಒಗ್ಗರಣೆ ಹಾಕ್ತಾ ಗುನುಗೋಕೂ ಹೆದರಿಕೆ ಆಗ್ತಿದೆ."

ಹೇಳುವಾಗ ನನ್ನ ಕಡೆ ನೋಡಿದಳು. ನಾನು ಪೆಡಲಿನ ಮುಳ್ಳು ನೋಡುತ್ತ ನಿಂತೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ ಹತ್ತೂವರೆ

ಹೆಂಡತಿಗೆ ಹೇಳಿದೆ, ಎಲ್ಲವನ್ನೂ. ಕಾಗದವನ್ನೂ ತೋರಿಸಿದೆ. ಕುಸಿದ ಗೆರೆಯ ಮೇಲೆ ಬೆರಳಾಡಿಸಿದಳು. "ನಿಮ್ಮ ಭಯ ನಂಗೆ ಅರ್ಥ ಆಗುತ್ತೆ. ಆದ್ರೆ ಅಕ್ಕನ ಭಯಕ್ಕೆ ಕಾರಣಾನೇ ಇಲ್ವಲ್ರೀ" ಅಂದಳು. ಆಮೇಲೆ ತಾನೇ ಫೋನ್ ಮಾಡಿ ಅಕ್ಕನನ್ನು ಬರಲು ಹೇಳಿದಳು. ಹನ್ನೊಂದಕ್ಕೆ.

ಏನು ಹೇಳುವುದೆಂದು ಬರೆದು ನೋಡುತ್ತಿದ್ದೇನೆ.

ಅಕ್ಕಾ, ವಾಲಿದ್ದು ನೆಲ, ನೀನು ನೆಟ್ಟಗೇ ನಿಂತಿದ್ದೆ — ಬೇಡ, ನಾಟಕದ ಮಾತಿನ ಹಾಗಿದೆ.

ಅಕ್ಕಾ, ನಿನಗೊಂದು ವಿಷಯ ಹೇಳಬೇಕು, ಕೋಪ ಮಾಡಿಕೊಳ್ಳಬೇಡ — ಇದೂ ಬೇಡ. ಮಾಡಿಕೊಳ್ಳಲಿ. ಮೂರು ವಾರ ಅವಳ ಗಂಟಲಿಗೆ ಕಹಿ ಔಷಧಿ ಕುಡಿಸಿದವನು ನಾನು.

ಹೆಡ್‌ಫೋನ್ ಮೇಜಿನ ಮೇಲೆ ಇಟ್ಟಿದ್ದೇನೆ. ಆ ರೆಕಾರ್ಡಿಂಗ್ ಹಾಕಿ, ಬೇಸ್ ಮಾತ್ರ ಕೇಳು ಅಂದರೆ ಸಾಕೇನೋ. ಅವಳ ಕಿವಿಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಗೊತ್ತಾದ ಆ ಕ್ಷಣ ಅವಳ ಮುಖ ನೋಡಬೇಕಲ್ಲ.

ಬಾಗಿಲು ಬಡಿಯುತ್ತಿದ್ದಾರಂತೆ, ಆಗಿನಿಂದ. ನನಗೆ ಕೇಳಿಸಲಿಲ್ಲ. ಹೆಂಡತಿ ತೆಗೆಯಲು ಹೋದಳು. ಅಕ್ಕನೇ. ಚಪ್ಪಲಿ ಬಿಡುತ್ತಿದ್ದಾಳೆ. ಇಷ್ಟೇ ಹೇಳುತ್ತೇನೆ — ಅಕ್ಕಾ, ನಿನ್ನ ಗಂಟಲಿಗೆ ಏನೂ ಆಗಿಲ್ಲ, ನನ್ನ