ಮಾಳಿಗೆಯಿಂದ ಬಿದ್ದವಳು

ಅಪ್ಪಾ,

ಮೊದಲೆಲ್ಲ ಪತ್ರ ಬರೆದರೆ ‘ತೀರ್ಥರೂಪ’ ಎಂದೇ ಶುರು ಮಾಡುತ್ತಿದ್ದೆ. ಇಂದು ಆ ಮಾತಿಗೆ ಕೈ ಬರಲಿಲ್ಲ. ನೀನು ಸತ್ತು ಏಳು ತಿಂಗಳಾಯಿತು. ಆಗ ಅತ್ತಿದ್ದೆ. ಅತ್ತದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಿನ್ನನ್ನು ಮಣ್ಣು ಮಾಡಿದ ದಿನ ಒಬ್ಬ ಹೆಂಗಸು ಬಂದಿದ್ದಳು. ನಲವತ್ತರ ಹತ್ತಿರದವಳು, ಬರಿಗಾಲು, ಕೊರಳಲ್ಲಿ ತಾಳಿಯಿಲ್ಲ. ಎಲ್ಲರೂ ಹಿಡಿಮಣ್ಣು ಹಾಕುವಾಗ ಅವಳೂ ಬಗ್ಗಿ ಮುಷ್ಟಿ ತುಂಬಿಕೊಂಡಳು. ಚಿಕ್ಕಪ್ಪ ಅವಳ ರಟ್ಟೆ ಹಿಡಿದ.

“ಯಾರಬೇ ನೀನು?”

“ಇವನ ಮಗಳು.”

ಚಿಕ್ಕಪ್ಪ ದೂಡಿದ. “ಸುಳ್ಳಂತ ಅನಿಸಿದ್ರ ಬಳ್ಳಾರಿ ಕೋರ್ಟಿನಾಗ ಕಾಗದ ಐತಿ, ಓದಿಸ್ಕೊಳ್ರಿ,” ಎಂದು ಹೇಳಿ ಅವಳು ಹೊರಟುಹೋದಳು. ಯಾವಳೋ ಹುಚ್ಚಿ ಎಂದರು ಎಲ್ಲರೂ. ಚಿಕ್ಕಪ್ಪ ಮಾತ್ರ ದಾರಿಯ ತಿರುವಿನವರೆಗೆ ಹೋಗಿ, ಅವಳು ಮರೆಯಾದದ್ದನ್ನು ಖಚಿತ ಮಾಡಿಕೊಂಡು ಬಂದ. ಅದನ್ನು ನಾನು ನೋಡಿದೆ.

ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಅರ್ಜಿ ಹಿಡಿದು ಕೋರ್ಟಿಗೆ ನಾಲ್ಕು ಸಲ ಅಲೆದೆ. ಕೊನೆಗೆ ಹಳೆಯ ಕಡತಗಳ ಕೋಣೆಯ ಮುದುಕ ಗುಮಾಸ್ತರು ಕೆಂಪು ಬಟ್ಟೆಯ ಗಂಟೊಂದನ್ನು ಕೆಡವಿದರು. “ಬಳ್ಳಾರಿ ಇನ್ನ ಮೈಸೂರು ರಾಜ್ಯಕ್ಕ ಸೇರ್ತೈತಂತ. ಇವೆಲ್ಲ ಎಲ್ಲಿಗಿ ಹೋಗ್ತಾವೋ. ಈಗ ಬಂದಿದ್ದು ಛಲೋ ಆತು,” ಎಂದರು. ತೀರ್ಪು ಇಂಗ್ಲಿಷಿನಲ್ಲಿತ್ತು. ಒಂದು ಪುಟ ಓದಿ ಕನ್ನಡಕ ತೆಗೆದರು. “ಬ್ಯಾಡ್ರಿ ಅಮ್ಮಾ, ಇದು ಮಗಳು ಕೇಳೋ ಅಂಥದ್ದಲ್ಲ.”

“ಓದ್ರಿ,” ಎಂದೆ.

ನಾಗಮ್ಮ. ತವರು ಕುರುಗೋಡು. ನಿನ್ನ ಮೊದಲ ಹೆಂಡತಿ. ಸಿರುಗುಪ್ಪದ ಮನೆಯಲ್ಲಿ, ರೊಟ್ಟಿ ತಡವಾಯಿತೆಂದು ನೀನು ಒನಕೆಯಿಂದ ಅವಳ ತಲೆಗೆ ಹೊಡೆದು ಕೊಂದೆ. ‘ಮಾಳಿಗೆಯಿಂದ ಬಿದ್ದಳು’ ಎಂದು ಹೇಳಿಕೆ ಕೊಟ್ಟೆ. ನೆರೆಹೊರೆಯವರೂ ಹಾಗೇ ಅಂದರು. ಕಂಡದ್ದನ್ನು ಕಂಡಂತೆ ಹೇಳಿದವಳು ಒಬ್ಬಳೇ, ಏಳು ವರ್ಷದ ಮಗಳು ಗಂಗವ್ವ. ‘ಬಿದ್ದಿಲ್ಲ. ಅಪ್ಪ ಹೊಡದ.’

ಆ ಸಾಕ್ಷಿಯ ಮೇಲೆ ನೀನು ಸೇರಿದ ಜೈಲಿನ ಕಚೇರಿಗೂ ಹೋದೆ. ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ ‘ನಡತೆ ಉತ್ತಮ’ ಎಂದಿತ್ತು. ಅದಕ್ಕಾಗಿ ಶಿಕ್ಷೆಯೂ ಒಂದಿಷ್ಟು ಕಡಿಮೆಯಾಗಿತ್ತು. ಅಲ್ಲಿ ಹೊಡೆಯಲು ಹೆಂಗಸರಿರಲಿಲ್ಲವಲ್ಲ! ಹೊರಬಂದ ಮರುವರ್ಷವೇ ನೀನು ಅವ್ವನನ್ನು ಮದುವೆಯಾದೆ. ಅಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದವರಿಗೆ ರಂಗೂನಿನ ಅಕ್ಕಿ ಗಿರಣಿ ಎಂದೆ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಆ ಹಡಗು, ಆ ಹೊಳೆ, ಆ ಬಂಗಾರದ ಗುಡಿ... ಯಾವ ಕೈದಿಯಿಂದ ಕದ್ದ ಕಥೆಗಳು ಅವು?

ನನಗೆ ಹತ್ತು ವರ್ಷವಿದ್ದಾಗ ಅವ್ವನ ಮುಂಗೈ ಮುರಿದೆಯಲ್ಲ, ನೆನಪಿದೆಯೇ? ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನನ್ನು ಬಿಟ್ಟು ನನ್ನನ್ನು ಕೇಳಿದರು. ನಿನ್ನ ಕೈ ನನ್ನ ಹೆಗಲ ಮೇಲಿತ್ತು. “ಅವ್ವ ಮಾಳಿಗಿಂದ ಬಿದ್ಲು,” ಎಂದೆ. ದಾರಿಯಲ್ಲಿ ನೀನೇ ಕಲಿಸಿದ ಮಾತು. ಬರುವಾಗ ಮಂಡಕ್ಕಿ ಮಿರ್ಚಿ ಕೊಡಿಸಿದೆ. ನಾನು ತಿಂದೆ. ಅದೇ ಮಾತನ್ನು ಎರಡನೆಯ ಸಲ, ಎರಡನೆಯ ಮಗಳ ಬಾಯಲ್ಲಿ ಹಾಕುವಾಗ ನಿನಗೆ ಒಂದಿಷ್ಟಾದರೂ...

ಕುರುಗೋಡಿನ ಬಸ್ಸು ಹತ್ತಿದೆ. ಗಂಗವ್ವ ಸೋದರಮಾವನ ಹಿತ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಅವಳು ತಲೆಯೆತ್ತಲಿಲ್ಲ, ಚೀಲವನ್ನು ಸರಿಸಿ ಕೂರಲು ಜಾಗ ಮಾಡಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದೆ.

“ಹಡೆದಪ್ಪನ್ನ ಜೇಲಿಗಿ ಕಳಿಸಿದಾಕಿನ್ನ ಯಾರು ಲಗ್ನ ಆಗ್ತಾರವ್ವ?”

“ಮತ್ತ ಅವತ್ತು ಮಣ್ಣಿಗಿ ಯಾಕ ಬಂದಿದ್ದಿ, ಅಕ್ಕಾ?”

“ಖರೇನ ಸತ್ತಾನೋ ಇಲ್ಲೋ ನೋಡಾಕ.”

ಇಬ್ಬರೂ ನಕ್ಕುಬಿಟ್ಟೆವು. ನಿನ್ನ ಹೆಣ್ಣುಮಕ್ಕಳು ಮೊದಲ ಸಲ ಕೂಡಿ ನಕ್ಕದ್ದು ನಿನ್ನ ಸಾವಿಗೆ. ಆಮೇಲೆ ಆಸ್ಪತ್ರೆಯ ನನ್ನ ಸುಳ್ಳನ್ನು ಅವಳಿಗೆ ಹೇಳಿದೆ.

“ನೀ ಆಗ ಸಣ್ಣಾಕಿ,” ಎಂದಳು.

“ನೀ ನನಗಿಂತ ಸಣ್ಣಾಕಿ ಇದ್ದಿ.”

ಅವಳು ಶೇಂಗಾ ಸುಲಿಯುತ್ತಲೇ ಇದ್ದಳು.

ಮನೆಗೆ ಬಂದು ತೀರ್ಪಿನಲ್ಲಿದ್ದದ್ದನ್ನೆಲ್ಲ ಅವ್ವನಿಗೆ ಹೇಳಿದೆ. “ರಂಗೂನು ಅಂದಿದ್ದ,” ಎಂದಳು, ಅಷ್ಟೇ. ಒಲೆಯ ಬೆಂಕಿ ಸರಿಮಾಡಿ, “ಆಕಿನ್ನ ಕರ್ಕೊಂಡು ಬಾ,” ಎಂದಳು. ಸುದ್ದಿ ತಿಳಿದು ಚಿಕ್ಕಪ್ಪ ಓಡಿ ಬಂದ. ಅವನಿಗೆ ಎಲ್ಲ ಗೊತ್ತಿತ್ತು. “ಮನಿ ಮರ್ಯಾದಿ ಬೀದಿಗಿ ತರಬ್ಯಾಡ. ನಿನಗ ಗೊತ್ತು ಮಾಡಿದ ಲಗ್ನ ಮುರೀತೈತಿ ನೋಡು,” ಎಂದ. ನಾನೇ ಗಂಡಿನ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಲಗ್ನ ಮುರಿಯಿತು. ಅದಕ್ಕೆ ನಾನು ಅಳಲಿಲ್ಲ.

ಗಂಗವ್ವ ಈಗ ಸತ್ಯನಾರಾಯಣಪೇಟೆಯ ಈ ಮನೆಯಲ್ಲಿಯೇ ಇದ್ದಾಳೆ. ನಾಳೆ ಹಿರಿಯರ ಹಬ್ಬ. ನಿನ್ನ ಹೆಸರಿಗೆ ಎಡೆ ಇಡುವುದಿಲ್ಲ. ನಾವು ಬದುಕಿರುವವರೆಗೂ ಇಡುವುದಿಲ್ಲ. ನಾಗಮ್ಮನ ಹೆಸರಿಗೆ ಇಡುತ್ತೇವೆ. ಇಷ್ಟು ವರ್ಷಗಳಲ್ಲಿ ಅವಳಿಗೆ ಇದೇ ಮೊದಲನೆಯದು.

ಸಂಜೆ ಅಡುಗೆಮನೆಯಲ್ಲಿ ಅವ್ವ ಕೇಳಿದಳು: “ಗಂಗವ್ವಾ, ನಿಮ್ಮವ್ವಗ ಉಣ್ಣಾಕ ಏನು ಸೇರ್ತಿತ್ತು?”

ಗಂಗವ್ವ ಬಹಳ ಹೊತ್ತು ಯೋಚಿಸಿದಳು. ನೆನಪಾಗಲಿಲ್ಲ. ತಾಯಿಯ ಬಗ್ಗೆ ಅವಳಿಗೆ ಚೆನ್ನಾಗಿ ನೆನಪಿರುವುದು ಆ ಒಂದು ದಿನ ಮಾತ್ರ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವ್ವ ಎದ್ದು ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.

“ಇರಲಿ ಬಿಡು,” ಎಂದಳು. “ಎಲ್ಲಾನೂ ಮಾಡೂಣು.”