ಆರು ಅಂಕಿಯ ಬಳೆ

ಸುಗಟೂರು
12-2-2025

ಪ್ರೀತಿಯ ರಜನಿ ಅತ್ತಿಗೆಗೆ,

ನೀವೂ ಮಗುವೂ ಮುಳಬಾಗಿಲಿನ ತವರಲ್ಲಿ ಬೆಚ್ಚಗಿದ್ದೀರೆಂದು ಅಣ್ಣ ಹೇಳಿದ. ಫೋನಿನಲ್ಲಿ ಮಾತಾಡೋಣವೆಂದರೆ ಅಮ್ಮ ಪಕ್ಕದಿಂದ ಏಳುವುದಿಲ್ಲ. ಅದಕ್ಕೇ ಈ ಕಾಗದವನ್ನು ಅಣ್ಣನ ಕೈಲಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಭಾನುವಾರ ಶ್ರೀನಿವಾಸಪುರದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ಹೆಸರು ಅಮರನಾಥ್, ಹಾಲಿನ ಡೈರಿಯಲ್ಲಿ ಕೆಲಸ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಎಂದು ಅಮ್ಮ ಅವರಿಗೆ ಮೊದಲೇ ಹೇಳಿಬಿಟ್ಟಿದ್ದಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಯಾರಾದರೂ ಓದಿನ ಮಾತೆತ್ತಿದರೆ ಏನು ಗತಿ ಎಂದುಕೊಳ್ಳುತ್ತಲೇ ಎಲ್ಲರಿಗೂ ಕಾಫಿ ಕೊಟ್ಟೆ.

ಹುಡುಗನ ಸೋದರತ್ತೆ ರಾಮಲಕ್ಷ್ಮಮ್ಮ ಎಂಬುವರು ಒಂದು ಹಾಡು ಹೇಳು ಅಂದರು. ನನ್ನ ಗಂಟಲು ನಿಮಗೆ ಗೊತ್ತೇ ಇದೆ. ಹಾಡು ಬರುವುದಿಲ್ಲ ಅಂದೆ.

"ಹಾಡು ಬರ್ದಿದ್ರೆ ಹೋಗ್ಲಿ ಬಿಡಮ್ಮ. ಏನು ಬರುತ್ತೋ ಅದನ್ನೇ ಮಾಡು," ಅಂದರು.

ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ ನೀವು ಹೇಳಿಕೊಟ್ಟ ಲೆಕ್ಕ ಆಗ ನೆನಪಾಯಿತು. ರಂಗೋಲಿ ಬಟ್ಟಲು ತಂದು ನಡುಮನೆಯಲ್ಲೇ ಬಳೆಯಂತೆ ದುಂಡಗೆ ಆರು ಅಂಕಿ ಬರೆದೆ: 1, 4, 2, 8, 5, 7. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಅದೇ ಅಂಕಿಗಳು, ಅದೇ ಸಾಲು. ಶುರುವಾಗುವ ಜಾಗ ಮಾತ್ರ ಬೇರೆ. ಆರರವರೆಗೂ ಹಾಗೇ. ಬಾಯಿ ಬಿಡಬೇಕಾಗಲಿಲ್ಲ, ಬೆರಳಲ್ಲಿ ಸುತ್ತು ತೋರಿಸಿದರೆ ಸಾಕಾಯಿತು. ಹುಡುಗನ ಭಾವ ನಂಬದೆ ಫೋನಿನಲ್ಲಿ ಒಂದೊಂದನ್ನೂ ಒತ್ತಿ ನೋಡಿದರು. ಗಾಣದೆತ್ತಿನ ಹಾಗೆ ಸುತ್ತುತ್ತಲ್ಲೇ ಇದು ಎಂದು ರಾಮಲಕ್ಷ್ಮಮ್ಮ ನಕ್ಕರು.

ಏಳರಿಂದ ಗುಣಿಸಿದರೆ ಎಂದು ಆ ಹುಡುಗ ಕೇಳಿದ. ಏಳನ್ನು ನೀವು ನನಗೇ ಬಿಟ್ಟಿದ್ದಿರಿ, ನಾನು ಮಾಡಿಯೇ ಇರಲಿಲ್ಲ. ಅಲ್ಲೇ ನೆಲದ ಮೇಲೆ ಗುಣಿಸಿದೆ. 999999. ಬರೀ ಒಂಬತ್ತು, ಅತ್ತಿಗೆ! ಎಲ್ಲರಿಗಿಂತ ಮೊದಲು ನಾನೇ ನಕ್ಕುಬಿಟ್ಟೆ.

ಆ ನಗುವಿನಲ್ಲೇ ರಾಮಲಕ್ಷ್ಮಮ್ಮ ಕೇಳಿದರು, ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಎಷ್ಟು ಬಂದಿತ್ತು ಎಂದು. ಅಮ್ಮ ಏನೋ ಹೇಳಲು ಬಾಯಿ ತೆರೆದಳು. ನನ್ನ ಕಾಲ ಬಳಿ ನಾನೇ ಮಾಡಿದ ಲೆಕ್ಕವಿತ್ತು, ಅದರಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ. ಅದರ ಮುಂದೆ ಕೂತು ಸುಮ್ಮನಿರಲು ಆಗಲಿಲ್ಲ.

"ನಾನು ಓದಿರೋದು ಐದನೇ ಕ್ಲಾಸು ಅಷ್ಟೇ. ಇದನ್ನ ನಮ್ಮತ್ತಿಗೆ ಹೇಳ್ಕೊಟ್ರು," ಅಂದೆ.

ಬಂದವರು ತಿಳಿಸುತ್ತೇವೆ ಎಂದು ಎದ್ದು ಹೋದರು. ಕೂಡಿಬಂದ ಸಂಬಂಧವನ್ನು ಕಾಲಲ್ಲಿ ಒದ್ದೆಯಲ್ಲೇ ಎಂದು ಅಮ್ಮ ರಂಗೋಲಿ ಗುಡಿಸಿ ಹಾಕಿದಳು. ಇವತ್ತಿಗೂ ಮುಖ ಕೊಟ್ಟು ಮಾತಾಡಿಲ್ಲ.

ನನಗೇನೂ ಬೇಸರವಿಲ್ಲ. ಓದು ಬಿಟ್ಟವಳಿಗೆ ಇದೆಲ್ಲ ಯಾಕೆ ಎಂದು ಅಮ್ಮ ಗೊಣಗಿದರೂ ನೀವು ಹುಳುಮನೆಯ ಗೋಡೆಯ ಮೇಲೆ ಲೆಕ್ಕ ಬರೆದು, ಉತ್ತರ ನನ್ನ ಬಾಯಿಂದಲೇ ಬರುವವರೆಗೂ ಸುಮ್ಮನೆ ಸೊಪ್ಪು ಹಾಕುತ್ತಿದ್ದಿರಿ. ಹಾಗೆ ನನಗಾಗಿ ಕಾದವರು ಬೇರೆ ಯಾರೂ ಇಲ್ಲ. ಇದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆದಿದ್ದೇನೆ.

ಮಗುವಿಗೆ ನನ್ನದೊಂದು ಮುತ್ತು ಕೊಡಿ.

ನಿಮ್ಮ ನಾದಿನಿ,
ಅನಿತ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅಣ್ಣನಿಗೆ ಶ್ರೀನಿವಾಸಪುರದಿಂದ ಆ ಹುಡುಗನದೇ ಫೋನು ಬಂತು. ಎಂಟರಿಂದ ಗುಣಿಸಿದರೆ ಏನಾಗುತ್ತದೆ ಎಂದು ಅವರು ಕೇಳಿದರಂತೆ. ತಮ್ಮ ಭಾವನ ಫೋನಿನಲ್ಲಿ ಒತ್ತಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ನಾನು ಆಗಲೇ ಮಾಡಿ ನೋಡಿದೆ: 1142856. ಮುಂದಿನ ಒಂದನ್ನು ತೆಗೆದು ಕೊನೆಯ ಆರಕ್ಕೆ ಕೂಡಿದರೆ ಮತ್ತೆ ಅದೇ 142857. ಅಣ್ಣನಿಗೆ ಉತ್ತರ ಹೇಳಲಿಲ್ಲ. ಬೇಕಿದ್ದರೆ ಬಂದು ನೋಡಲಿ ಅನ್ನು ಎಂದೆ. ಹಾಗೆ ಅಂದವಳು ನಾನೇ, ಅತ್ತಿಗೆ.